ವೈಮಾನಿಕ ನಕ್ಷಾ ಕ್ಯಾಮೆರಾಗಳ ಮಾಪನಾಂಕ ನಿರ್ಣಯ ಮತ್ತು ಪ್ರಮಾಣೀಕರಣ

ವಿಮಾನ, ಹೆಲಿಕಾಪ್ಟರ್ ಅಥವಾ ಡ್ರೋನ್‌ನಿಂದ ನೆಲದ ಚಿತ್ರ ತೆಗೆದು ನಕ್ಷೆ ರಚಿಸಲು ಬಳಸುವ ಡಿಜಿಟಲ್ ಕ್ಯಾಮೆರಾದ ಒಳಗಿನ ಜ್ಯಾಮಿತಿಯನ್ನೂ ಅದು ಬೆಳಕಿಗೆ ಸ್ಪಂದಿಸುವ ಬಗೆಯನ್ನೂ ಅಳೆದು ಅಂಕಿಗಳಲ್ಲಿ ದಾಖಲಿಸುವ ಕ್ರಿಯೆಗೆ ಮಾಪನಾಂಕ ನಿರ್ಣಯ ಅಥವಾ ಕ್ಯಾಲಿಬ್ರೇಷನ್ ಎಂದು ಹೆಸರು. ಹೀಗೆ ಅಳೆದ ಕ್ಯಾಮೆರಾ, ಅದನ್ನು ಬಳಸುವ ಸಂಸ್ಥೆ, ಅದರಿಂದ ಹುಟ್ಟಿದ ಚಿತ್ರಗಳು ಗೊತ್ತುಪಡಿಸಿದ ನಿಖರತೆಯನ್ನು ಮುಟ್ಟುತ್ತವೆಯೆಂದು ಅಧಿಕೃತ ಸಂಸ್ಥೆಯೊಂದು ದೃಢೀಕರಿಸುವುದು ಪ್ರಮಾಣೀಕರಣ. ಫಿಲ್ಮ್ ಕ್ಯಾಮೆರಾಗಳ ಕಾಲದಲ್ಲಿ ಪ್ರಯೋಗಾಲಯವೊಂದು ಮಸೂರವನ್ನು ಪರೀಕ್ಷಿಸಿ ಕೊಡುತ್ತಿದ್ದ ಒಂದು ವರದಿಯಲ್ಲಿ ಇವೆರಡೂ ಮುಗಿಯುತ್ತಿದ್ದವು. 2000ದ ನಂತರ ಡಿಜಿಟಲ್ ಕ್ಯಾಮೆರಾಗಳು ಬಳಕೆಗೆ ಬಂದಂತೆ ಆ ಒಂದು ವರದಿ ಸಾಲದಾಯಿತು. ಪರೀಕ್ಷೆಯ ಹೊಣೆ ಮಸೂರದಿಂದ ಇಡೀ ಕ್ಯಾಮೆರಾಕ್ಕೆ, ಕ್ಯಾಮೆರಾದಿಂದ ಅದರ ಜೊತೆಗೂಡಿದ ಸ್ಥಾನಮಾಪಕ ವ್ಯವಸ್ಥೆಗೆ, ಕೊನೆಗೆ ಸಿದ್ಧಗೊಂಡ ನಕ್ಷೆಗೇ ಹಬ್ಬಿತು.

ತತ್ತ್ವ

ಚಿತ್ರಗಳಿಂದ ಅಳತೆ ತೆಗೆಯುವ ಶಾಸ್ತ್ರವಾದ ಫೋಟೋಗ್ರಾಮೆಟ್ರಿಯು ಒಂದು ಸರಳ ನಿಯಮದ ಮೇಲೆ ನಿಂತಿದೆ: ನೆಲದ ಮೇಲಿನ ಒಂದು ಬಿಂದು, ಮಸೂರದ ದೃಷ್ಟಿಕೇಂದ್ರ ಮತ್ತು ಚಿತ್ರದಲ್ಲಿ ಆ ಬಿಂದು ಮೂಡಿದ ಜಾಗ ಒಂದೇ ಸರಳರೇಖೆಯಲ್ಲಿರುತ್ತವೆ. ಬೇರೆ ಬೇರೆ ಸ್ಥಾನಗಳಿಂದ ತೆಗೆದ ಎರಡು ಅಥವಾ ಹೆಚ್ಚು ಚಿತ್ರಗಳಿಂದ ಇಂತಹ ರೇಖೆಗಳನ್ನು ಎಳೆದು ಅವು ಸಂಧಿಸುವ ತಾಣವನ್ನು ಲೆಕ್ಕಹಾಕಿದರೆ ಆ ಬಿಂದುವಿನ ಸ್ಥಾನ ಮತ್ತು ಎತ್ತರ ದೊರೆಯುತ್ತವೆ. ಆದರೆ ಯಾವ ಮಸೂರವೂ ಕಿರಣವನ್ನು ಪೂರ್ತಿ ನೇರವಾಗಿ ಸಾಗಿಸುವುದಿಲ್ಲ, ಯಾವ ಸಂವೇದಕವೂ ಮಸೂರದ ಅಕ್ಷಕ್ಕೆ ಕರಾರುವಾಕ್ಕಾಗಿ ನಡುವೆ ಕೂತಿರುವುದಿಲ್ಲ. ಈ ವ್ಯತ್ಯಾಸಗಳು ಮೈಕ್ರೋಮೀಟರುಗಳಲ್ಲಿದ್ದರೂ ನೆಲದ ಮೇಲೆ ದೊಡ್ಡದಾಗಿ ಕಾಣಿಸಿಕೊಳ್ಳುತ್ತವೆ. 100 ಮಿಲಿಮೀಟರ್ ಸಂಗಮದೂರದ ಮಸೂರವನ್ನು ನೆಲದಿಂದ 1,000 ಮೀಟರ್ ಎತ್ತರದಲ್ಲಿ ಬಳಸಿದಾಗ ಚಿತ್ರದ ಅಳತೆ ನೆಲದ ಅಳತೆಯ ಹತ್ತು ಸಾವಿರದ ಒಂದು ಪಾಲಾಗಿರುವುದರಿಂದ, ಸಂವೇದಕದ ಮೇಲಿನ 10 ಮೈಕ್ರೋಮೀಟರ್ ತಪ್ಪು ನೆಲದಲ್ಲಿ 10 ಸೆಂಟಿಮೀಟರ್ ತಪ್ಪಾಗುತ್ತದೆ. ಸಂಗಮದೂರವನ್ನೇ 10 ಮೈಕ್ರೋಮೀಟರ್ ತಪ್ಪಾಗಿ ತಿಳಿದಿದ್ದರೆ, ವಿಮಾನದ ಸ್ಥಾನವನ್ನು ಉಪಗ್ರಹ ಸಂಕೇತಗಳಿಂದ ನೇರವಾಗಿ ಪಡೆಯುವ ಕಾರ್ಯದಲ್ಲಿ ಎತ್ತರದ ಲೆಕ್ಕವೂ ಸುಮಾರು ಅಷ್ಟೇ ತಪ್ಪುತ್ತದೆ.

ಫಿಲ್ಮ್ ಯುಗದ ಪದ್ಧತಿ

ಇಪ್ಪತ್ತನೆಯ ಶತಮಾನದ ಬಹುಭಾಗದಲ್ಲಿ ವೈಮಾನಿಕ ನಕ್ಷಾ ಕ್ಯಾಮೆರಾದ ರೂಪ ಹೆಚ್ಚುಕಡಿಮೆ ಒಂದೇ ಆಗಿತ್ತು. 23 ಸೆಂಟಿಮೀಟರ್ ಚದರದ ಫಿಲ್ಮ್, ಬಹಳಷ್ಟು ಸಂದರ್ಭಗಳಲ್ಲಿ ಸುಮಾರು 152 ಮಿಲಿಮೀಟರ್ ಸಂಗಮದೂರದ ಒಂದೇ ಮಸೂರ, ಚೌಕಟ್ಟಿನ ಅಂಚುಗಳಲ್ಲಿ ಪ್ರತಿ ಚಿತ್ರದ ಮೇಲೂ ಮೂಡುವ ಆಧಾರ ಗುರುತುಗಳು, ಬೆಳಕು ಬೀಳುವಾಗ ಫಿಲ್ಮನ್ನು ಸಪಾಟಾಗಿ ಹಿಡಿಯುವ ನಿರ್ವಾತ ಫಲಕ ಇವು ಅದರ ಮುಖ್ಯ ಅಂಗಗಳು. ಝೈಸ್ ಮತ್ತು ವೈಲ್ಡ್ ಸಂಸ್ಥೆಗಳ ಕ್ಯಾಮೆರಾಗಳು ಜಗತ್ತಿನಾದ್ಯಂತ ಬಳಕೆಯಲ್ಲಿದ್ದವು. ರೂಪ ಸ್ಥಿರವಾಗಿದ್ದುದರಿಂದ ಪರೀಕ್ಷೆಯನ್ನೂ ಏಕರೂಪಗೊಳಿಸಲು ಸಾಧ್ಯವಾಯಿತು. ಅಮೆರಿಕದಲ್ಲಿ ಮೊದಲು ರಾಷ್ಟ್ರೀಯ ಮಾನಕ ಸಂಸ್ಥೆಯೂ 1970ರ ದಶಕದಿಂದ ಭೂವೈಜ್ಞಾನಿಕ ಸರ್ವೇಕ್ಷಣಾ ಸಂಸ್ಥೆಯೂ, ಅಂದರೆ ಯುಎಸ್‌ಜಿಎಸ್, ಈ ಕಾರ್ಯವನ್ನು ನಡೆಸಿದವು. ವರ್ಜೀನಿಯಾದ ರೆಸ್ಟನ್‌ನಲ್ಲಿದ್ದ ಯುಎಸ್‌ಜಿಎಸ್ ದೃಗ್ವಿಜ್ಞಾನ ಪ್ರಯೋಗಾಲಯದಲ್ಲಿ ಬಹುಕೊಲಿಮೇಟರ್ ಎಂಬ ಸಾಧನವಿತ್ತು. ಕೊಲಿಮೇಟರ್ ಎಂದರೆ ಅನಂತ ದೂರದಿಂದ ಬರುವಂತೆ ಸಮಾಂತರ ಕಿರಣಗಳನ್ನು ಹೊಮ್ಮಿಸುವ ನಳಿಕೆ; ಇಂತಹ ಹಲವನ್ನು ನಿಖರವಾಗಿ ತಿಳಿದಿರುವ ಕೋನಗಳಲ್ಲಿ ಜೋಡಿಸಿ, ಕ್ಯಾಮೆರಾವನ್ನು ಅವುಗಳತ್ತ ಗುರಿಯಿಟ್ಟು ಚಿತ್ರ ತೆಗೆದು, ಪ್ರತಿ ಗುರುತು ಮೂಡಬೇಕಾದ ಜಾಗಕ್ಕೂ ಮೂಡಿದ ಜಾಗಕ್ಕೂ ಇರುವ ಅಂತರವನ್ನು ಅಳೆಯಲಾಗುತ್ತಿತ್ತು. ವರದಿಯಲ್ಲಿ ಸಂಗಮದೂರ, ಪ್ರಧಾನ ಬಿಂದು, ಮಸೂರದ ವಿರೂಪಣೆ, ಆಧಾರ ಗುರುತುಗಳ ನಿರ್ದೇಶಾಂಕಗಳು ಹಾಗೂ ಒಂದು ಮಿಲಿಮೀಟರಿನಲ್ಲಿ ಎಷ್ಟು ಗೆರೆಜೋಡಿಗಳು ಬಿಡಿಬಿಡಿಯಾಗಿ ಕಾಣುತ್ತವೆಂಬ ಪೃಥಕ್ಕರಣ ಸಾಮರ್ಥ್ಯ ನಮೂದಾಗಿರುತ್ತಿದ್ದವು. ಇಂತಹ ವರದಿಯಿಲ್ಲದೆ ಸರ್ಕಾರಿ ನಕ್ಷಾ ಗುತ್ತಿಗೆಗೆ ಕ್ಯಾಮೆರಾವನ್ನು ಒಪ್ಪುತ್ತಿರಲಿಲ್ಲ.

ಇದೇ ಅವಧಿಯಲ್ಲಿ ಗಣಿತದ ತಳಹದಿಯೂ ಬೆಳೆಯಿತು. ಮಸೂರದ ಗಾಜುಗಳು ಒಂದೇ ಅಕ್ಷದ ಮೇಲೆ ಕೂರದಿದ್ದಾಗ ಉಂಟಾಗುವ ವಿರೂಪಣೆಯನ್ನು ದೃಗ್ವಿಜ್ಞಾನಿ ಎ. ಇ. ಕಾನ್ರಾಡಿ 1919ರಲ್ಲಿ ವಿಶ್ಲೇಷಿಸಿದ್ದನು. ಅಮೆರಿಕದ ಡ್ಯುಯೇನ್ ಬ್ರೌನ್ 1966 ಮತ್ತು 1971ರ ತನ್ನ ಪ್ರಬಂಧಗಳಲ್ಲಿ ಅದನ್ನು ಕ್ಯಾಮೆರಾ ಮಾಪನಕ್ಕೆ ಒಗ್ಗಿಸಿದನು. ಬ್ರೌನ್–ಕಾನ್ರಾಡಿ ಮಾದರಿಯೆಂದು ಹೆಸರಾದ ಈ ಸಮೀಕರಣಗಳು ಇಂದಿನ ಡ್ರೋನ್ ತಂತ್ರಾಂಶಗಳಲ್ಲೂ ಬಳಕೆಯಲ್ಲಿವೆ.

ಡಿಜಿಟಲ್ ಕ್ಯಾಮೆರಾಗಳ ಆಗಮನ

2000ದಲ್ಲಿ ಆಮ್ಸ್‌ಟರ್‌ಡ್ಯಾಮ್‌ನಲ್ಲಿ ನಡೆದ ಅಂತರರಾಷ್ಟ್ರೀಯ ಫೋಟೋಗ್ರಾಮೆಟ್ರಿ ಸಮಾವೇಶದಲ್ಲಿ ಎರಡು ದೊಡ್ಡ ಡಿಜಿಟಲ್ ಕ್ಯಾಮೆರಾಗಳು ಪ್ರದರ್ಶನಗೊಂಡವು. 2003ರಲ್ಲಿ ಮೂರನೆಯದು ಸೇರಿತು. ಮೂರರ ರಚನೆಯೂ ಒಂದಕ್ಕೊಂದು ಬೇರೆ. ಜರ್ಮನಿಯ ವ್ಯೋಮ ಸಂಸ್ಥೆಯ ಸಹಯೋಗದಲ್ಲಿ ಲೈಕಾ ರೂಪಿಸಿದ ಎಡಿಎಸ್40 ಚೌಕಟ್ಟಿನ ಚಿತ್ರವನ್ನೇ ತೆಗೆಯುವುದಿಲ್ಲ. ತಲಾ 12,000 ಪಿಕ್ಸೆಲ್‌ಗಳ ಸಾಲುಗಳು ಮುಂದಕ್ಕೆ, ನೇರ ಕೆಳಕ್ಕೆ ಹಾಗೂ ಹಿಂದಕ್ಕೆ ನೋಡುತ್ತ, ವಿಮಾನ ಸಾಗಿದಂತೆ ನೆಲವನ್ನು ಪಟ್ಟಿಗಳಾಗಿ ದಾಖಲಿಸುತ್ತವೆ. ಝಡ್/ಐ ಇಮೇಜಿಂಗ್ ಸಂಸ್ಥೆಯ ಡಿಎಂಸಿಯಲ್ಲಿ ತುಸು ಹೊರವಾಲಿದ ನಾಲ್ಕು ಕಪ್ಪುಬಿಳುಪು ಕ್ಯಾಮೆರಾಗಳಿದ್ದು, ಅವುಗಳ ಚಿತ್ರಗಳನ್ನು ಗಣಕದಲ್ಲಿ ಹೆಣೆದು 13,824 × 7,680 ಪಿಕ್ಸೆಲ್‌ಗಳ ಒಂದು ಕಲ್ಪಿತ ಚಿತ್ರವನ್ನು ಕಟ್ಟಲಾಗುತ್ತದೆ. ಆಸ್ಟ್ರಿಯದ ಗ್ರಾಜ್ ನಗರದಲ್ಲಿ ವೆಕ್ಸೆಲ್ ಸಂಸ್ಥೆ ತಯಾರಿಸಿದ ಅಲ್ಟ್ರಾಕ್ಯಾಮ್-ಡಿಯಲ್ಲಿ ನಾಲ್ಕು ಮಸೂರಗಳ ಹಿಂದೆ ಹರಡಿದ ಒಂಬತ್ತು ಸಂವೇದಕಗಳಿಂದ 11,500 × 7,500 ಪಿಕ್ಸೆಲ್‌ಗಳ ಕಪ್ಪುಬಿಳುಪು ಚಿತ್ರವೂ, ಬೇರೆ ನಾಲ್ಕು ಸಂವೇದಕಗಳಿಂದ ಬಣ್ಣ ಮತ್ತು ಅವಕೆಂಪು ಮಾಹಿತಿಯೂ ಬರುತ್ತವೆ.

ಫಿಲ್ಮಿಗಾಗಿ ಕಟ್ಟಿದ ಪರೀಕ್ಷಾ ಪದ್ಧತಿ ಈ ವೈವಿಧ್ಯಕ್ಕೆ ಹೊಂದಲಿಲ್ಲ. ಕಲ್ಪಿತ ಚಿತ್ರಕ್ಕೆ ಒಂದೇ ಮಸೂರವೆಂಬುದು ಇಲ್ಲ. ಅದರ ನಿಖರತೆ ಹಲವು ಮಸೂರಗಳ ಪರಸ್ಪರ ಸ್ಥಾನವನ್ನೂ ಅವುಗಳನ್ನು ಹೆಣೆಯುವ ತಂತ್ರಾಂಶವನ್ನೂ ಅವಲಂಬಿಸಿದೆ. ಸಾಲು ಕ್ಯಾಮೆರಾದಲ್ಲಿ ಪ್ರತಿಯೊಂದು ಸಾಲೂ ಬೇರೆ ಕ್ಷಣದ, ಬೇರೆ ಸ್ಥಾನದ ನೋಟವಾಗಿರುವುದರಿಂದ ಚಲನೆಯನ್ನು ದಾಖಲಿಸುವ ಉಪಕರಣವಿಲ್ಲದೆ ಅದರ ಜ್ಯಾಮಿತಿಗೆ ಅರ್ಥವೇ ಇಲ್ಲ. ಇದಲ್ಲದೆ ಡಿಜಿಟಲ್ ಚೌಕಟ್ಟುಗಳು ಹಾರಾಟದ ದಿಕ್ಕಿನಲ್ಲಿ ಕಿರಿದು. ಅಕ್ಕಪಕ್ಕದ ಎರಡು ಚಿತ್ರಗಳ ನಡುವಿನ ದೂರವನ್ನು ಹಾರಾಟದ ಎತ್ತರದಿಂದ ಭಾಗಿಸಿದ ಅನುಪಾತವು, ಶೇ. 60ರಷ್ಟು ಮೇಲುಹಾಸು, ಅಂದರೆ ಎರಡೂ ಚಿತ್ರಗಳಲ್ಲಿ ಕಾಣುವ ನೆಲದ ಪಾಲು, ಇದ್ದಾಗ, ಫಿಲ್ಮಿನಲ್ಲಿ ಸುಮಾರು 0.6 ಇದ್ದರೆ ಡಿಎಂಸಿಯಲ್ಲಿ 0.3ರ ಆಸುಪಾಸಿಗೆ ಇಳಿಯುತ್ತದೆ. ಅನುಪಾತ ಕಿರಿದಾದಷ್ಟೂ ಕಿರಣಗಳು ಚೂಪಾದ ಕೋನದಲ್ಲಿ ಸಂಧಿಸಿ, ಚಿತ್ರದಲ್ಲಿನ ಸಣ್ಣ ತಪ್ಪೂ ಎತ್ತರದಲ್ಲಿ ಹಿಗ್ಗುತ್ತದೆ. ಈ ಕೊರತೆಯನ್ನು ಚಿತ್ರಗಳ ಹೆಚ್ಚಿನ ಮೇಲುಹಾಸಿನಿಂದಲೂ ಬಿಂದುಗಳನ್ನು ಗಣಕದಿಂದ ನಿಖರವಾಗಿ ಗುರುತಿಸುವುದರಿಂದಲೂ ತುಂಬಿಕೊಳ್ಳಬಹುದಾದರೂ, ಮಾಪನಾಂಕಗಳು ಸರಿಯಿದ್ದಾಗ ಮಾತ್ರ ಆ ಲಾಭ ದಕ್ಕುತ್ತದೆ.

ಅಳೆಯಬೇಕಾದ ಅಂಶಗಳು

ಜ್ಯಾಮಿತೀಯ ಮಾಪನದಲ್ಲಿ ಮೊದಲು ಬರುವವು ಸಂಗಮದೂರ ಮತ್ತು ಪ್ರಧಾನ ಬಿಂದು. ಎರಡನೆಯದು ದೃಷ್ಟಿಕೇಂದ್ರದಿಂದ ಸಂವೇದಕಕ್ಕೆ ಇಳಿಸಿದ ಲಂಬ ತಾಗುವ ಜಾಗ. ನಂತರ ಬರುವುದು ಬಿಂದುಗಳನ್ನು ಕೇಂದ್ರದಿಂದ ಹೊರಕ್ಕೋ ಒಳಕ್ಕೋ ಸರಿಸುವ ತ್ರಿಜ್ಯೀಯ ವಿರೂಪಣೆ ಮತ್ತು ಗಾಜುಗಳ ಅಕ್ಷ ತಪ್ಪಿದ್ದರಿಂದ ಉಂಟಾಗುವ ಅಕ್ಷಚ್ಯುತಿ ವಿರೂಪಣೆ. ಹಲವು ಮಸೂರಗಳ ಕ್ಯಾಮೆರಾಗಳಲ್ಲಿ ಪ್ರತಿಯೊಂದರ ಪರಸ್ಪರ ಸ್ಥಾನ ಮತ್ತು ವಾಲುವಿಕೆಯೂ ಸೇರುತ್ತವೆ. ಫಿಲ್ಮಿನ ಹಿಗ್ಗುಕುಗ್ಗುಗಳು ಸಂವೇದಕಕ್ಕೆ ಇಲ್ಲವಾದ್ದರಿಂದ ಆಧಾರ ಗುರುತುಗಳ ಅಗತ್ಯ ತಪ್ಪಿದರೂ, ಸಂವೇದಕದ ಸಪಾಟುತನ ಮತ್ತು ಅದು ಲೋಹದ ಚೌಕಟ್ಟಿನಲ್ಲಿ ಅಲುಗದೆ ಕೂತಿರುವುದು ಮುಖ್ಯವಾಗುತ್ತವೆ. ಪ್ರಯೋಗಾಲಯದ ಸಾಮಾನ್ಯ ಉಷ್ಣತೆಯಲ್ಲಿ ಅಳೆದ ಕ್ಯಾಮೆರಾ ಕೆಲವು ಕಿಲೋಮೀಟರ್ ಎತ್ತರದಲ್ಲಿ ತೀರ ತಣ್ಣಗಿನ, ಒತ್ತಡ ಕಡಿಮೆಯಿರುವ ಗಾಳಿಯಲ್ಲಿ ಕೆಲಸ ಮಾಡುವುದರಿಂದ ಸಂಗಮದೂರ ತುಸು ಬದಲಾಗುತ್ತದೆ. ಅದಕ್ಕೂ ತಿದ್ದುಪಡಿ ಬೇಕು.

ಫಿಲ್ಮಿನಲ್ಲಿ ಅಷ್ಟಾಗಿ ಗಮನ ಪಡೆಯದಿದ್ದ ವಿಕಿರಣ ಮಾಪನ ಡಿಜಿಟಲ್ ಕ್ಯಾಮೆರಾದಲ್ಲಿ ಪ್ರತ್ಯೇಕ ವಿಭಾಗವೇ ಆಗಿದೆ. ಒಳಮೈಯಿಂದ ಬೆಳಕನ್ನು ಎಲ್ಲ ಕಡೆಗೂ ಸಮನಾಗಿ ಚದುರಿಸುವ ಸಮಾಕಲನ ಗೋಳದ ಮುಂದೆ ಕ್ಯಾಮೆರಾವನ್ನಿಟ್ಟು, ಒಂದೇ ಬೆಳಕಿಗೆ ಪಿಕ್ಸೆಲ್‌ಗಳು ಬೇರೆ ಬೇರೆಯಾಗಿ ಸ್ಪಂದಿಸುವುದನ್ನೂ ಮಸೂರದ ಅಂಚಿನತ್ತ ಬೆಳಕು ಕುಗ್ಗುವುದನ್ನೂ ದಾಖಲಿಸುತ್ತಾರೆ. ಬೆಳಕೇ ಇಲ್ಲದಾಗ ಸಂವೇದಕದಲ್ಲಿ ಹುಟ್ಟುವ ಕತ್ತಲೆ ಪ್ರವಾಹ, ಬೆಳಕು ಇಮ್ಮಡಿಯಾದಾಗ ಅಂಕಿಯೂ ಇಮ್ಮಡಿಯಾಗುತ್ತದೆಯೇ ಎಂಬ ರೇಖೀಯತೆ, ಪ್ರತಿ ಬಣ್ಣದ ಪಟ್ಟಿ ಯಾವ ತರಂಗಾಂತರಗಳಿಗೆ ಸ್ಪಂದಿಸುತ್ತದೆ ಎಂಬುದೂ ಇದರ ಭಾಗವೇ. ಬೆಳೆ, ಕಾಡು ಅಥವಾ ನೀರಿನ ಸ್ಥಿತಿಯನ್ನು ಚಿತ್ರದ ಅಂಕಿಗಳಿಂದ ತಿಳಿಯಬಯಸುವವರಿಗೆ ಈ ಅಳತೆ ಅನಿವಾರ್ಯ. ಚಿತ್ರದ ಸ್ಪಷ್ಟತೆಯನ್ನು ಅರಿಯಲು ನೆಲದ ಮೇಲೆ ಬಿಡಿಸಿದ, ಕೇಂದ್ರದಿಂದ ಹೊರಕ್ಕೆ ಅಗಲವಾಗುವ ಕಪ್ಪುಬಿಳಿ ಎಸಳುಗಳ ಸೀಮೆನ್ಸ್ ನಕ್ಷತ್ರದಂತಹ ಗುರಿಗಳನ್ನು ಹಾರಾಟದಿಂದಲೇ ಚಿತ್ರಿಸಿ, ಎಸಳುಗಳು ಎಲ್ಲಿಯವರೆಗೆ ಬೇರೆಯಾಗಿ ಕಾಣುತ್ತವೆಂದು ನೋಡಲಾಗುತ್ತದೆ.

ಮಾಪನ ವಿಧಾನಗಳು

ಪ್ರಯೋಗಾಲಯ ವಿಧಾನ ಡಿಜಿಟಲ್ ಕ್ಯಾಮೆರಾಗಳಲ್ಲೂ ಮುಂದುವರಿದಿದೆ, ಆದರೆ ಅದು ಸರ್ಕಾರಿ ಪ್ರಯೋಗಾಲಯದಿಂದ ತಯಾರಕರ ಕಾರ್ಯಾಗಾರಕ್ಕೆ ಬಂದಿದೆ. ಡಿಎಂಸಿಯ ಒಂದೊಂದು ಕ್ಯಾಮೆರಾವನ್ನೂ ಝೈಸ್‌ನಲ್ಲಿ ಗೋನಿಯೋಮೀಟರ್ ಎಂಬ ಕೋನಮಾಪಕದಿಂದ ಅಳೆದು, ಅವುಗಳ ಪರಸ್ಪರ ಸ್ಥಾನವನ್ನು ಬೇರೆಯಾಗಿ ನಿರ್ಧರಿಸುತ್ತಿದ್ದರು. ಗ್ರಾಜ್‌ನಲ್ಲಿ ಅಲ್ಟ್ರಾಕ್ಯಾಮ್‌ಗಾಗಿ ಗೋಡೆ, ನೆಲ, ಚಾವಣಿಗಳ ಮೇಲೆ ಮುನ್ನೂರಕ್ಕೂ ಹೆಚ್ಚು ಗುರುತುಗಳಿರುವ ಕೊಠಡಿಯೊಂದನ್ನು ಸಿದ್ಧಪಡಿಸಿ, ಕ್ಯಾಮೆರಾವನ್ನು ತಿರುಗಿಸಿ ವಾಲಿಸಿ ಹಲವು ಚಿತ್ರಗಳನ್ನು ತೆಗೆದು, ಎಲ್ಲ ಅಂಕಿಗಳನ್ನೂ ಒಟ್ಟಿಗೆ ಲೆಕ್ಕಹಾಕಲಾಗುತ್ತದೆ.

ಎರಡನೆಯದು ಪರೀಕ್ಷಾ ಕ್ಷೇತ್ರ ವಿಧಾನ. ಸ್ಥಾನ ನಿಖರವಾಗಿ ಗೊತ್ತಿರುವ ನೂರಾರು ಗುರುತುಗಳುಳ್ಳ ಪ್ರದೇಶದ ಮೇಲೆ ಕ್ಯಾಮೆರಾವನ್ನು ನಿಜವಾದ ಹಾರಾಟದಲ್ಲಿ ಬಳಸಿ ಅಳೆಯುವುದರಿಂದ ಉಷ್ಣತೆ, ಒತ್ತಡ, ಕಂಪನ ಎಲ್ಲವೂ ಫಲಿತಾಂಶದಲ್ಲಿ ಅಡಕವಾಗುತ್ತವೆ. ಜರ್ಮನಿಯ ಸ್ಟುಟ್‌ಗಾರ್ಟ್ ಬಳಿಯ ಫೈಹಿಂಗನ್ ಮತ್ತು ಫಿನ್ಲೆಂಡಿನ ಷೋಕುಲ್ಲಾ ಇಂತಹ ಹೆಸರಾಂತ ಕ್ಷೇತ್ರಗಳು.

ಮೂರನೆಯದಾದ ಸ್ವಯಂಮಾಪನದಲ್ಲಿ ನಕ್ಷೆಗಾಗಿಯೇ ತೆಗೆದ ಚಿತ್ರಗಳ ಸಮೂಹದಿಂದ ಕ್ಯಾಮೆರಾದ ಅಂಕಿಗಳನ್ನೂ ನೆಲದ ಬಿಂದುಗಳನ್ನೂ ಏಕಕಾಲದಲ್ಲಿ ಬಿಡಿಸಲಾಗುತ್ತದೆ. ಈ ಲೆಕ್ಕಕ್ಕೆ ಕಿರಣಪುಂಜ ಹೊಂದಾಣಿಕೆಯೆಂದು ಹೆಸರು. ಉಳಿದುಹೋಗುವ ದೋಷಗಳನ್ನು ಹೀರಿಕೊಳ್ಳಲು ಫೋಟೋಗ್ರಾಮೆಟ್ರಿ ತಜ್ಞರಾದ ಎಬ್ನರ್ 12, ಗ್ರೂನ್ 44 ಹೆಚ್ಚುವರಿ ಚರಗಳ ಸೂತ್ರಗಳನ್ನು 1970ರ ದಶಕದಲ್ಲೇ ಕೊಟ್ಟಿದ್ದರು. ಹಲವು ಸಂವೇದಕಗಳನ್ನು ಹೆಣೆದ ಚಿತ್ರಗಳಿಗೆ ಪ್ರತಿ ಭಾಗಕ್ಕೂ ಬೇರೆ ಚರಗಳು ಬೇಕಾದವು. ಈ ವಿಧಾನಕ್ಕೊಂದು ಸಹಜ ಮಿತಿಯಿದೆ. ಸಮತಟ್ಟಾದ ನೆಲದ ಮೇಲೆ ಒಂದೇ ಎತ್ತರದಲ್ಲಿ ನೇರ ಕೆಳಕ್ಕೆ ನೋಡುತ್ತ ಹಾರಿದರೆ, ಸಂಗಮದೂರ ಹೆಚ್ಚಿದ್ದರ ಪರಿಣಾಮವನ್ನೂ ವಿಮಾನ ಕೆಳಗಿದ್ದುದರ ಪರಿಣಾಮವನ್ನೂ ಚಿತ್ರಗಳಷ್ಟರಿಂದಲೇ ಬೇರ್ಪಡಿಸಲು ಬರುವುದಿಲ್ಲ. ಆದ್ದರಿಂದ ಮಾಪನದ ಹಾರಾಟದಲ್ಲಿ ಒಂದಕ್ಕೊಂದು ಅಡ್ಡ ಸಾಗುವ ಪಥಗಳು, ಒಂದೇ ಪಥದಲ್ಲಿ ಎದುರುಬದುರು ದಿಕ್ಕಿನ ಹಾರಾಟ, ಸಾಧ್ಯವಾದರೆ ಎರಡು ಎತ್ತರಗಳು ಇರಬೇಕೆಂದು ವಿಧಿಸಲಾಗುತ್ತದೆ.

ಸಂಯೋಜಿತ ವ್ಯವಸ್ಥೆಯ ಮಾಪನ

ಆಧುನಿಕ ಕ್ಯಾಮೆರಾದೊಂದಿಗೆ ಉಪಗ್ರಹ ಸಂಕೇತಗಳಿಂದ ಸ್ಥಾನ ತಿಳಿಯುವ ಜಿಎನ್‌ಎಸ್‌ಎಸ್ ಗ್ರಾಹಕ ಮತ್ತು ವಾಲುವಿಕೆಯನ್ನು ಅಳೆಯುವ ಜಡತ್ವ ಮಾಪಕ ಸೇರಿರುತ್ತವೆ. ಗ್ರಾಹಕದ ಆಂಟೆನಾ ವಿಮಾನದ ಮಾಡಿನ ಮೇಲಿದ್ದು ಕ್ಯಾಮೆರಾ ತಳದಲ್ಲಿರುವುದರಿಂದ ಇವುಗಳ ನಡುವಿನ ದೂರವನ್ನು ಮೂರೂ ದಿಕ್ಕಿನಲ್ಲಿ ಸೆಂಟಿಮೀಟರ್ ಮಟ್ಟಕ್ಕೆ ತಿಳಿಯಬೇಕು. ಜಡತ್ವ ಮಾಪಕದ ಅಕ್ಷಗಳಿಗೂ ಕ್ಯಾಮೆರಾದ ಅಕ್ಷಗಳಿಗೂ ನಡುವೆ ಉಳಿಯುವ ಸೂಕ್ಷ್ಮ ಕೋನಕ್ಕೆ ಬೋರ್‌ಸೈಟ್ ಕೋನವೆನ್ನುತ್ತಾರೆ. ಅದರಲ್ಲಿ ಒಂದು ಡಿಗ್ರಿಯ ನೂರನೆಯ ಒಂದು ಪಾಲು ತಪ್ಪಿದರೂ 1,000 ಮೀಟರ್ ಎತ್ತರದಿಂದ ನೆಲದಲ್ಲಿ ಸುಮಾರು 17 ಸೆಂಟಿಮೀಟರ್ ಸರಿಯುತ್ತದೆ. ಸೆಕೆಂಡಿಗೆ 70 ಮೀಟರ್ ವೇಗದಲ್ಲಿ ಹಾರುವಾಗ ಚಿತ್ರ ತೆಗೆದ ಕ್ಷಣವನ್ನು ಒಂದು ಮಿಲಿಸೆಕೆಂಡ್ ತಪ್ಪಾಗಿ ದಾಖಲಿಸಿದರೆ 7 ಸೆಂಟಿಮೀಟರ್ ವ್ಯತ್ಯಾಸವಾಗುತ್ತದೆ. ಕ್ಯಾಮೆರಾವನ್ನು ವಿಮಾನದಿಂದ ಬಿಚ್ಚಿ ಮತ್ತೆ ಜೋಡಿಸಿದಾಗ ಈ ಅಂಕಿಗಳು ಬದಲಾಗಬಹುದಾದ್ದರಿಂದ ಅವನ್ನು ಕಾರ್ಖಾನೆಯ ವರದಿಯಿಂದ ಎತ್ತಿಕೊಳ್ಳಲಾಗದು. ಪ್ರತಿ ಜೋಡಣೆಯ ನಂತರವೂ ಹಾರಾಟದಿಂದಲೇ ನಿರ್ಧರಿಸಬೇಕು.

ಪ್ರಮಾಣೀಕರಣದ ಹಂತಗಳು

ಅಮೆರಿಕದ ಫೋಟೋಗ್ರಾಮೆಟ್ರಿ ಮತ್ತು ದೂರಸಂವೇದಿ ಸಂಘವಾದ ಎಎಸ್‌ಪಿಆರ್‌ಎಸ್ ನೇಮಿಸಿದ ತಜ್ಞರ ಸಮಿತಿ 2000ದ ವರದಿಯಲ್ಲಿ ಕ್ಯಾಮೆರಾ ಪರೀಕ್ಷೆಯ ಭವಿಷ್ಯವನ್ನು ಪರಿಶೀಲಿಸಿತು. ಅದರ ಬೆನ್ನಲ್ಲೇ ಯುಎಸ್‌ಜಿಎಸ್ ಡಿಜಿಟಲ್ ವೈಮಾನಿಕ ಚಿತ್ರಗಳಿಗಾಗಿ ನಾಲ್ಕು ಅಂಗಗಳ ಗುಣಮಟ್ಟ ಖಾತರಿ ಯೋಜನೆಯನ್ನು ರೂಪಿಸಿತು. ಮೊದಲನೆಯದಾದ ಮಾದರಿ ಪ್ರಮಾಣೀಕರಣದಲ್ಲಿ ಬಿಡಿ ಕ್ಯಾಮೆರಾವನ್ನಲ್ಲ, ಒಂದು ಮಾದರಿಯ ವಿನ್ಯಾಸ, ತಯಾರಿಕೆ ಮತ್ತು ತಯಾರಕರ ಮಾಪನ ಕ್ರಮವನ್ನು ತಜ್ಞರು ಪರಿಶೀಲಿಸಿ ಅದು ನಂಬಲರ್ಹವೆಂದು ಘೋಷಿಸುತ್ತಾರೆ. ಎರಡನೆಯದು ಚಿತ್ರ ಪೂರೈಸುವ ಸಂಸ್ಥೆಯ ಪ್ರಮಾಣೀಕರಣ: ಅದು ತನ್ನ ಕ್ಯಾಮೆರಾ, ಸಿಬ್ಬಂದಿ, ಸಂಸ್ಕರಣಾ ಕ್ರಮಗಳಿಂದ ನಿಜಕ್ಕೂ ಹೇಳಿದ ನಿಖರತೆಯನ್ನು ತಲುಪಬಲ್ಲುದೆಂದು ಪರೀಕ್ಷಾ ಕ್ಷೇತ್ರದ ಹಾರಾಟದಿಂದ ತೋರಿಸಬೇಕು. ಗುತ್ತಿಗೆ ಕರಾರುಗಳಲ್ಲಿ ನಿರ್ದಿಷ್ಟತೆಗಳನ್ನು ಬರೆಯುವ ಮಾರ್ಗಸೂಚಿ ಮೂರನೆಯದು, ಬಂದ ಚಿತ್ರಗಳನ್ನು ಒಪ್ಪುವ ಮೊದಲು ಪರೀಕ್ಷಿಸುವ ಸಾಧನಗಳು ನಾಲ್ಕನೆಯದು.

ಯೂರೋಪಿನಲ್ಲಿ ರಾಷ್ಟ್ರೀಯ ನಕ್ಷಾ ಸಂಸ್ಥೆಗಳ ಸಂಶೋಧನಾ ಒಕ್ಕೂಟವಾದ ಯೂರೋಎಸ್‌ಡಿಆರ್ 2003ರಲ್ಲಿ ಡಿಜಿಟಲ್ ಕ್ಯಾಮೆರಾ ಮಾಪನದ ಯೋಜನೆಯೊಂದನ್ನು ಆರಂಭಿಸಿ, ಒಂದೇ ಹಾರಾಟದ ದತ್ತಾಂಶವನ್ನು ಹಲವು ಸಂಸ್ಥೆಗಳಿಗೆ ಕೊಟ್ಟು ಫಲಿತಾಂಶಗಳನ್ನು ಹೋಲಿಸಿತು. ತಯಾರಕರ ಅಂಕಿಗಳ ಜೊತೆಗೆ ಹೆಚ್ಚುವರಿ ಚರಗಳನ್ನು ಬಳಸಿದಾಗ ನಿಖರತೆ ಸುಧಾರಿಸುವುದು ಈ ಅಧ್ಯಯನಗಳಲ್ಲಿ ಕಂಡುಬಂದಿತು. ಜರ್ಮನಿಯ ಫೋಟೋಗ್ರಾಮೆಟ್ರಿ ಸಂಘ 2008ರಲ್ಲಿ ಫೈಹಿಂಗನ್ ಕ್ಷೇತ್ರದಲ್ಲಿ ಹಲವು ಕ್ಯಾಮೆರಾಗಳ ತುಲನಾತ್ಮಕ ಹಾರಾಟಗಳನ್ನು ನಡೆಸಿತು. ಜರ್ಮನಿಯ ಡಿಐಎನ್ 18740 ಮಾನಕಮಾಲೆಯ ನಾಲ್ಕನೆಯ ಭಾಗ ಡಿಜಿಟಲ್ ವೈಮಾನಿಕ ಕ್ಯಾಮೆರಾಗಳಿಗೂ ಚಿತ್ರಗಳಿಗೂ ಸಂಬಂಧಿಸಿದ್ದು. ಅಂತರರಾಷ್ಟ್ರೀಯ ಮಾನಕ ಸಂಸ್ಥೆ 2014ರಲ್ಲಿ ಪ್ರಕಟಿಸಿದ ಐಎಸ್‌ಒ 19159ರ ಮೊದಲ ಭಾಗ ದೃಗ್ ಸಂವೇದಕಗಳ ಮಾಪನ ಮತ್ತು ಸಿಂಧುತ್ವ ಪರೀಕ್ಷೆಯನ್ನು ಕುರಿತದ್ದಾಗಿದೆ.

ಡ್ರೋನ್ ಮತ್ತು ಭಾರತ

ಡ್ರೋನ್‌ಗಳಲ್ಲಿ ಬಳಸುವ ಕ್ಯಾಮೆರಾಗಳಲ್ಲಿ ಬಹಳಷ್ಟು ಅಳತೆಗೆಂದೇ ತಯಾರಾದವಲ್ಲ. ಅವುಗಳ ಮಸೂರ ತಾನಾಗಿ ಕೇಂದ್ರೀಕರಿಸುವಾಗ ಸಂಗಮದೂರ ಬದಲಾಗುತ್ತದೆ. ಕೆಲವು ಸಂವೇದಕಗಳು ಚಿತ್ರವನ್ನು ಸಾಲುಸಾಲಾಗಿ ಓದುವುದರಿಂದ, ಸೆಕೆಂಡಿಗೆ 10 ಮೀಟರ್ ವೇಗದ ಹಾರಾಟದಲ್ಲಿ ಓದಲು 30 ಮಿಲಿಸೆಕೆಂಡ್ ತಗುಲಿದರೆ, ಮೊದಲ ಸಾಲಿನಿಂದ ಕೊನೆಯ ಸಾಲಿನ ಹೊತ್ತಿಗೆ ಕ್ಯಾಮೆರಾ 30 ಸೆಂಟಿಮೀಟರ್ ಸಾಗಿರುತ್ತದೆ. ಇಂತಹ ಕ್ಯಾಮೆರಾಗಳು ಸಾಮಾನ್ಯವಾಗಿ ಸ್ವಯಂಮಾಪನವನ್ನೇ ನೆಚ್ಚಿಕೊಂಡಿವೆ. ಸಮಾಂತರವಾಗಿ ಕೆಳಕ್ಕೆ ನೋಡುವ ಚಿತ್ರಗಳಷ್ಟನ್ನೇ ಬಳಸಿದಾಗ ತ್ರಿಜ್ಯೀಯ ವಿರೂಪಣೆಯ ಅಂದಾಜು ತಪ್ಪಿ, ಸಮತಟ್ಟಾದ ನೆಲ ಗುಮ್ಮಟದಂತೆ ಉಬ್ಬಿ ಕಾಣುವುದನ್ನೂ, ಓರೆ ನೋಟದ ಕೆಲವು ಚಿತ್ರಗಳನ್ನು ಸೇರಿಸಿದರೆ ಈ ದೋಷ ಬಹುಮಟ್ಟಿಗೆ ಇಳಿಯುವುದನ್ನೂ ಸಂಶೋಧಕರಾದ ಜೇಮ್ಸ್ ಮತ್ತು ರಾಬ್ಸನ್ 2014ರಲ್ಲಿ ತೋರಿಸಿಕೊಟ್ಟರು.

ಭಾರತದಲ್ಲಿ 1767ರಲ್ಲಿ ಸ್ಥಾಪಿತವಾದ ಭಾರತೀಯ ಸರ್ವೇಕ್ಷಣಾ ಇಲಾಖೆಯೂ ಹೈದರಾಬಾದಿನ ರಾಷ್ಟ್ರೀಯ ದೂರಸಂವೇದಿ ಕೇಂದ್ರವೂ ವೈಮಾನಿಕ ನಕ್ಷೆಗಳ ಕೆಲಸ ಮಾಡುತ್ತ ಬಂದಿವೆ. 2020ರ ಏಪ್ರಿಲ್ 24ರಂದು ಆರಂಭವಾದ ಸ್ವಾಮಿತ್ವ ಯೋಜನೆಯಡಿ ಗ್ರಾಮಗಳ ಜನವಸತಿ ಪ್ರದೇಶಗಳನ್ನು ಡ್ರೋನ್‌ಗಳಿಂದ ಅಳೆದು 1:500 ಪ್ರಮಾಣದ ನಕ್ಷೆಗಳನ್ನು ಸಿದ್ಧಪಡಿಸಲಾಗುತ್ತಿದ್ದು, ಪ್ರಾಯೋಗಿಕ ಹಂತಕ್ಕೆ ಆಯ್ಕೆಯಾದ ರಾಜ್ಯಗಳಲ್ಲಿ ಕರ್ನಾಟಕವೂ ಒಂದು. ಮನೆಯ ಹಕ್ಕುಪತ್ರಕ್ಕೆ ಈ ನಕ್ಷೆಯೇ ಆಧಾರವಾಗುವುದರಿಂದ ಕೆಲವೇ ಸೆಂಟಿಮೀಟರುಗಳ ತಪ್ಪೂ ಅಕ್ಕಪಕ್ಕದವರ ಗಡಿಯ ಪ್ರಶ್ನೆಯಾಗಬಲ್ಲದು. ಡ್ರೋನ್‌ನ ಸ್ಥಾನವನ್ನು ತಿದ್ದಲು ನಿರಂತರವಾಗಿ ಕೆಲಸ ಮಾಡುವ ಜಿಎನ್‌ಎಸ್‌ಎಸ್ ನೆಲಕೇಂದ್ರಗಳ ಜಾಲವನ್ನು, ಅಂದರೆ ಸಿಒಆರ್‌ಎಸ್ ಜಾಲವನ್ನು, ಬಳಸಲಾಗುತ್ತದೆ. 2021ರ ಡ್ರೋನ್ ನಿಯಮಗಳು ವಿಧಿಸುವ ಮಾದರಿ ಪ್ರಮಾಣಪತ್ರ ಡ್ರೋನ್‌ನ ಹಾರಾಟಯೋಗ್ಯತೆ ಮತ್ತು ಸುರಕ್ಷತೆಗೆ ಸಂಬಂಧಿಸಿದ್ದು. ಡ್ರೋನ್ ಹೊತ್ತ ಕ್ಯಾಮೆರಾದ ಅಳತೆಯ ನಿಖರತೆಗೆ ಆ ಪತ್ರ ಸಾಕ್ಷಿಯಾಗುವುದಿಲ್ಲ.

ನಕ್ಷೆಯ ಪರೀಕ್ಷೆ

ಮಾಪನ ವರದಿ ಕ್ಯಾಮೆರಾ ಒಂದು ದಿನ ಹೇಗಿತ್ತೆಂಬುದನ್ನು ಹೇಳುತ್ತದೆ. ನಕ್ಷೆ ಸರಿಯಿದೆಯೇ ಎಂಬ ಪ್ರಶ್ನೆಗೆ ಉತ್ತರ ಪರಿಶೀಲನಾ ಬಿಂದುಗಳಿಂದ ಬರುತ್ತದೆ. ಇವು ನೆಲದಲ್ಲಿ ಪ್ರತ್ಯೇಕವಾಗಿ ಅಳೆದು, ಲೆಕ್ಕಾಚಾರದಲ್ಲಿ ಬಳಸದೆ ಪರೀಕ್ಷೆಗಷ್ಟೇ ಕಾಯ್ದಿರಿಸಿದ ಬಿಂದುಗಳು. ನಕ್ಷೆಯಲ್ಲಿನ ಸ್ಥಾನಕ್ಕೂ ಇವುಗಳ ನಿಜಸ್ಥಾನಕ್ಕೂ ಇರುವ ವ್ಯತ್ಯಾಸಗಳ ವರ್ಗಗಳ ಸರಾಸರಿಗೆ ವರ್ಗಮೂಲ ತೆಗೆದರೆ ಆರ್‌ಎಂಎಸ್‌ಇ ಎಂಬ ದೋಷದ ಅಳತೆ ಸಿಗುತ್ತದೆ. ಅಮೆರಿಕದ 1947ರ ರಾಷ್ಟ್ರೀಯ ನಕ್ಷಾ ನಿಖರತಾ ಮಾನಕ ಮುದ್ರಿತ ನಕ್ಷೆಯ ಪ್ರಮಾಣಕ್ಕೆ ಅನುಗುಣವಾಗಿ ತಪ್ಪಿನ ಮಿತಿಯನ್ನು ಗೊತ್ತುಮಾಡಿತ್ತು. ಡಿಜಿಟಲ್ ನಕ್ಷೆಯನ್ನು ಯಾವ ಪ್ರಮಾಣಕ್ಕೂ ಹಿಗ್ಗಿಸಬಹುದಾದ್ದರಿಂದ ಎಎಸ್‌ಪಿಆರ್‌ಎಸ್ 2014ರಲ್ಲಿ ಪ್ರಕಟಿಸಿದ ಮಾನಕಗಳು ಪ್ರಮಾಣವನ್ನು ಕೈಬಿಟ್ಟು ಆರ್‌ಎಂಎಸ್‌ಇಯನ್ನೇ ನಿಖರತೆಯ ದರ್ಜೆಯನ್ನಾಗಿಸಿದವು. 2023ರ ಎರಡನೆಯ ಆವೃತ್ತಿ ಪರಿಶೀಲನಾ ಬಿಂದುಗಳ ಕನಿಷ್ಠ ಸಂಖ್ಯೆಯನ್ನು 20ರಿಂದ 30ಕ್ಕೆ ಏರಿಸಿದ್ದಲ್ಲದೆ, ಆ ಬಿಂದುಗಳನ್ನು ನೆಲದಲ್ಲಿ ಅಳೆಯುವಾಗ ಉಳಿಯುವ ತಪ್ಪನ್ನೂ ನಕ್ಷೆಯ ನಿಖರತೆಯ ಲೆಕ್ಕಕ್ಕೆ ಸೇರಿಸಬೇಕೆಂದು ವಿಧಿಸಿದೆ. ಹೀಗೆ ಮಸೂರದಿಂದ ಆರಂಭವಾದ ಪರೀಕ್ಷೆ ಈಗ ಪರೀಕ್ಷಿಸುವ ಅಳತೆಗೋಲಿನ ತನಕ ಬಂದಿದೆ.